ಕಾಡು ಹೋಗು ಅಂತು, ಹಿತ್ತಲು ಬಾ ಅಂತು

ಶಿವಮೊಗ್ಗದ ರಾಯರು ನಲವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರು ಮಾಡಿದ ಸಂದರ್ಶನಗಳನ್ನು ತಿದ್ದಿದವರು. ತಾವಾಗಿ ಒಂದನ್ನೂ ಮಾಡಿದವರಲ್ಲ. ಆ ಕೊರತೆ ನೀಗಿದ್ದು ನಿವೃತ್ತಿಯಾದ ಮೇಲೆ, ಅದೂ ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ಗೆ ಹೋದಾಗ.

ಸೆಪ್ಟೆಂಬರ್ ಮೊದಲ ವಾರ, ಬೆಳಗಿನ ಆರು ಗಂಟೆ. ರಾಯರು ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲು ಸರಿಸಿದರೆ, ಸಂದರ್ಶನ ಕೊಡಬೇಕಾದವರು ಆಗಲೇ ಬಂದು ತಿಂಡಿ ಶುರು ಮಾಡಿದ್ದರು. ತಿಂಡಿಯೆಂದರೆ ರಾಯರ ಹೆಂಡತಿ ಇಂಡಿಯನ್ ಅಂಗಡಿಯಿಂದ ಬೀಜ ತಂದು, ಮೇ ತಿಂಗಳಿಂದ ನೀರೆರೆದು ಬೆಳೆಸಿದ ಅವರೆ ಬಳ್ಳಿ. ಬಸಳೆ ಹಿಂದಿನ ವಾರವೇ ಮುಗಿದಿತ್ತು. ಬೆಂಡೆಯಲ್ಲಿ ದಂಟು ಮಾತ್ರ ಉಳಿದಿತ್ತು. ಪುದೀನದ ಕುಂಡವೊಂದು ಮುಟ್ಟುವವರಿಲ್ಲದೆ ನಿಂತಿತ್ತು. ಬಿಳಿಬಾಲದ ಜಿಂಕೆಗೆ ಅದರ ವಾಸನೆ ಆಗದು.

ನಮ್ಮ ಹಸುವಿನ ಹಾಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲದ ಪ್ರಾಣಿ ಅದು. ಎಲೆಯನ್ನು ಕತ್ತರಿಸುವುದಿಲ್ಲ, ಕೆಳಹಲ್ಲಿನಿಂದ ಒತ್ತಿ ಹಿಡಿದು ಹರಿಯುತ್ತದೆ. ತಿಂದುಳಿದ ತುದಿ ಹಳೇ ಸೀರೆಯ ಅಂಚಿನಂತೆ ಪಿಸಿದಿರುತ್ತದೆ. ಮೊಲ ತಿಂದಿದ್ದರೆ ಬ್ಲೇಡಿನಲ್ಲಿ ಕೊಯ್ದ ಹಾಗಿರುತ್ತಿತ್ತು. ನಾಲ್ಕು ತಿಂಗಳಲ್ಲಿ ರಾಯರು ಇದನ್ನೆಲ್ಲ ಕಲಿತಿದ್ದರು.

ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಅಳಿಯ ನೆಟ್ಟ ಬೋರ್ಡಿದೆ: ‘ನಮ್ಮ ಜಿಂಕೆಗಳನ್ನು ಕೊಲ್ಲಬೇಡಿ.’ ಹಿತ್ತಲ ಬೇಲಿಯ ಗುಂಟ ಅದೇ ಅಳಿಯ ಸಿಂಪಡಿಸಿದ ಕಯೋಟಿಯ ಮೂತ್ರವಿದೆ. ಕಯೋಟಿಯೆಂದರೆ ತೋಳದ ದಾಯಾದಿ. ಜಿಂಕೆ ಹೆದರಲೆಂದು ಅದರ ಮೂತ್ರವನ್ನು ಅಲ್ಲಿ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ.

“ಮುಂಬಾಗಿಲಲ್ಲಿ ಪ್ರೀತಿ, ಹಿಂಬಾಗಿಲಲ್ಲಿ ಉಚ್ಚೆ,” ಎಂದಿತು ಜಿಂಕೆ, ಬಳ್ಳಿಯಿಂದ ತಲೆಯೆತ್ತದೆ. “ಕೂತ್ಕೊಳ್ಳಿ ರಾಯರೇ. ಏನು ಕೇಳ್ಬೇಕೋ ಕೇಳಿ.” ಅದರ ಹಿಂದೆ ಮೈಮೇಲಿನ ಚುಕ್ಕಿ ಮಾಸುತ್ತಿರುವ ಎರಡು ಮರಿಗಳು ಪುದೀನ ಮೂಸಿ ಸೀನುತ್ತಿದ್ದವು.

ರಾಯರು ನೋಟ್‌ಬುಕ್ ತೆರೆದು, ಗಂಟಲು ಸರಿಮಾಡಿಕೊಂಡು, ಸಂದರ್ಶಕರೆಲ್ಲ ಕೇಳುವ ಹಾಗೆ ಕೇಳಿದರು: “ಪ್ರಾಣಿಪ್ರಿಯರು ನಿಮ್ಮ ಬೇಟೆಯನ್ನು ವಿರೋಧಿಸುತ್ತಿದ್ದಾರೆ. ನಿಮ್ಮ ಅಭಿಪ್ರಾಯ?”

“ಯಾವ ಬೇಟೆ? ಕೋವಿಯದ್ದೋ, ಕಾರಿನದ್ದೋ?”

ರಾಯರು ಪೆನ್ನು ಕಚ್ಚಿದರು. ಅಮೆರಿಕದಲ್ಲಿ ಬೇಟೆಗಾರರು ವರ್ಷಕ್ಕೆ ಸುಮಾರು 60 ಲಕ್ಷ ಬಿಳಿಬಾಲದ ಜಿಂಕೆಗಳನ್ನು ಹೊಡೆಯುತ್ತಾರೆ, ನಿಜ. ಆದರೆ ವಾಹನ ಮತ್ತು ಜಿಂಕೆ ಡಿಕ್ಕಿಯ ಪ್ರಕರಣಗಳೂ ವರ್ಷಕ್ಕೆ ಹತ್ತು ಲಕ್ಷ ದಾಟುತ್ತವೆ. ಪ್ರಾಣಿಗಳು ಅಡ್ಡ ಬಂದ ಅಪಘಾತಗಳಲ್ಲಿ ಸುಮಾರು 200 ಮನುಷ್ಯರೂ ಪ್ರತಿವರ್ಷ ಸಾಯುತ್ತಾರೆ.

“ಕೋವಿಯವನು ಲೈಸೆನ್ಸ್ ತಗೊಳ್ತಾನೆ,” ಜಿಂಕೆ ಮುಂದುವರಿಸಿತು. “ದೂರಕ್ಕೆ ಕಾಣೋ ಕಿತ್ತಳೆ ಬಣ್ಣದ ಅಂಗಿ ಹಾಕ್ಕೊಂಡು ಬರ್ತಾನೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವನಿಗೆ ಪಂಚಾಂಗ ಇದೆ. ಕಾರಿನವನಿಗೆ ಹನ್ನೆರಡು ತಿಂಗಳೂ ಸೀಸನ್ನು. ಅವನ ವಿರುದ್ಧ ಮೆರವಣಿಗೆ ಯಾವತ್ತಾದ್ರೂ ನೋಡಿದೀರಾ? ಬೇಟೆ ವಿರೋಧಿ ಮೆರವಣಿಗೆಗೂ ಜನ ಕಾರಲ್ಲೇ ಬರೋದು.”

ಹಾಗೆಂದು ವಿರೋಧವೆಲ್ಲ ಬೂಟಾಟಿಕೆ ಎಂದು ಬರೆದುಕೊಳ್ಳಬೇಡಿ ಎಂದೂ ಅದು ಎಚ್ಚರಿಸಿತು. ಅಲ್ಲಿ ಬಿಲ್ಲುಬಾಣದ ಬೇಟೆಯೂ ಉಂಟು; ಬಾಣ ತಗುಲಿದ ಜಿಂಕೆಗಳೆಲ್ಲ ನಿಂತಲ್ಲೇ ಬೀಳುವುದಿಲ್ಲ. ಕೆಲವು ಓಡಿಹೋಗಿ, ಯಾರಿಗೂ ಕಾಣದ ಪೊದೆಯಲ್ಲಿ ನರಳಿ ಸಾಯುತ್ತವೆ. ಟೆಕ್ಸಾಸಿನಲ್ಲಿ ದೊಡ್ಡ ಕೊಂಬು ಬರಲೆಂದೇ ತಳಿ ನೋಡಿ ಸಾಕಿ, ಎತ್ತರದ ಬೇಲಿಯೊಳಗೆ ಬಿಟ್ಟು, ದುಡ್ಡು ಕೊಟ್ಟ ಗಿರಾಕಿಯಿಂದ ಹೊಡೆಸುವ ದಂಧೆ ಇದೆ. “ಅದನ್ನ ಶಿಕಾರಿ ಅನ್ನೋದಾದ್ರೆ ಕೋಳಿ ಅಂಗಡಿಯವನೂ ಶಿಕಾರಿಯವನೇ. ಅದನ್ನು ವಿರೋಧಿಸೋರ ಅರ್ಜಿಗೆ ನನ್ನ ಗೊರಸಿನ ಗುರುತೂ ಹಾಕ್ತೀನಿ.”

ಮಾತು ಸಿನಿಮಾಕ್ಕೆ ತಿರುಗಿತು. ಅಮೆರಿಕದಲ್ಲಿ ಜಿಂಕೆಯ ಪರವಾದ ಯಾವ ಮಾತೂ ಆ ಸಿನಿಮಾ ತಪ್ಪಿಸಿ ಮುಂದೆ ಹೋಗುವುದಿಲ್ಲ. 1942ರಲ್ಲಿ ಡಿಸ್ನಿ ಕಂಪನಿ ‘ಬ್ಯಾಂಬಿ’ ತೆಗೆಯಿತು. ಮರಿಯ ತಾಯಿ ಬೇಟೆಗಾರನ ಗುಂಡಿಗೆ ಸಾಯುತ್ತಾಳೆ; ಸಾಯುವುದು ತೆರೆಯ ಮೇಲೆ ಕಾಣುವುದೂ ಇಲ್ಲ, ಬರೀ ಈಡಿನ ಸದ್ದು. ಮೂರು ತಲೆಮಾರಿನ ಮಕ್ಕಳು ಆ ಸದ್ದಿಗೆ ಅತ್ತಿದ್ದಾರೆ. ಬೇಟೆಗಾರರ ಪತ್ರಿಕೆಯೊಂದರ ಸಂಪಾದಕರು ಆಗಲೇ ತಕರಾರು ತೆಗೆದಿದ್ದರು.

“ಆ ಕಥೆ ಬರೆದವನು ಯಾರು ಗೊತ್ತಾ?”

ರಾಯರಿಗೆ ಗೊತ್ತಿತ್ತು. ವಿಯೆನ್ನಾದ ಫೆಲಿಕ್ಸ್ ಸಾಲ್ಟನ್. ಪುಸ್ತಕ ಬಂದದ್ದು 1923ರಲ್ಲಿ. 1936ರಲ್ಲಿ ನಾಜಿಗಳು ಅದನ್ನು ನಿಷೇಧಿಸಿದರು.

“ಅವನು ಸ್ವತಃ ಬೇಟೆಗಾರ ಅನ್ನೋದೂ ಗೊತ್ತಾ?” ಎಂದು ಜಿಂಕೆ ಕಿವಿ ಅಲ್ಲಾಡಿಸಿತು. “ಇನ್ನೊಂದು ವಿಷಯ. ಪುಸ್ತಕದ ಬ್ಯಾಂಬಿ ಯುರೋಪಿನ ಸಣ್ಣ ಜಾತಿಯವನು. ಸಿನಿಮಾದವರು ಅವನಿಗೆ ನಮ್ಮ ಮುಖ ಹಾಕಿದರು, ಬಿಳಿಬಾಲದ್ದು. ಕಥೆ ಅವನದು, ಮುಖ ನಮ್ಮದು, ಕಣ್ಣು ಮಾತ್ರ ಇಬ್ಬರದೂ ಅಲ್ಲ. ಅಷ್ಟು ದೊಡ್ಡ ಕಣ್ಣಿದ್ದಿದ್ರೆ ನಿಮ್ಮ ಅಳಿಯಂದಿರ ಕಾರು ನನಗೆ ಇನ್ನೂ ಮೊದಲೇ ಕಾಣ್ತಿತ್ತು.”

2018ರ ಡಿಸೆಂಬರಿನಲ್ಲಿ ಮಿಸ್ಸೂರಿಯ ನ್ಯಾಯಾಲಯವೊಂದು, ನೂರಾರು ಜಿಂಕೆಗಳನ್ನು ಕಾನೂನುಬಾಹಿರವಾಗಿ ಕೊಂದ ತಂಡದ ಒಬ್ಬನಿಗೆ ಒಂದು ವರ್ಷ ಜೈಲು ಕೊಟ್ಟು, ಜೈಲಿನಲ್ಲಿ ತಿಂಗಳಿಗೊಮ್ಮೆಯಾದರೂ ‘ಬ್ಯಾಂಬಿ’ ನೋಡಬೇಕೆಂದು ಆದೇಶಿಸಿತು. ಇದು ಕಟ್ಟುಕಥೆಯಲ್ಲ. ಜಿಂಕೆಗಳ ತಲೆ ಮಾತ್ರ ಒಯ್ದು ಮೈಯನ್ನು ಕೊಳೆಯಲು ಬಿಟ್ಟವರಿಗೆ ಶಿಕ್ಷೆ ಬೇಕೇ ಬೇಕಿತ್ತು. ಆದರೆ ಕುಡಿದು ಕಾರು ಓಡಿಸಿದವನಿಗೆ ‘ಮಿಕ್ಕಿ ಮೌಸ್’ ತೋರಿಸುವ ನ್ಯಾಯಾಧೀಶರು ಇನ್ನೂ ಹುಟ್ಟಿಲ್ಲ.

ಪ್ರಿನ್ಸ್‌ಟನ್ನಿನ ಹಳೇ ಗಲಾಟೆಯ ವಿಷಯ ಕೇಳಿದಾಗ ಜಿಂಕೆ ಮೆಲುಕು ನಿಲ್ಲಿಸಿತು. ಅದು ಅದರ ಅಜ್ಜಿಯ ಅಜ್ಜಿಯ ಕಾಲದ್ದು. ಊರಿನಲ್ಲಿ ಜಿಂಕೆ ವಿಪರೀತ ಹೆಚ್ಚಾಗಿ, 2000–01ರ ಚಳಿಗಾಲದ ಸುಮಾರಿಗೆ ಸ್ಥಳೀಯ ಆಡಳಿತ ಗುರಿಕಾರರನ್ನು ಗೊತ್ತುಮಾಡಿ ಅವನ್ನು ಕೊಲ್ಲಿಸಲು ಹೊರಟಿತು. ರಾತ್ರಿ ಹೊತ್ತು ಮುಸುಕಿನ ಜೋಳ ಹರಡಿ ಕಾಯುವುದು, ಸದ್ದು ಕಡಿಮೆಯ ಕೋವಿಯಲ್ಲಿ ಹೊಡೆಯುವುದು. ಊರು ಇಬ್ಭಾಗವಾಯಿತು, ಕೋರ್ಟಿಗೂ ಹೋಯಿತು. ಯಾರೋ ಮೇಯರ್ ಅವರ ಕಾರಿನ ಮೇಲೆ ಜಿಂಕೆಯ ಕರುಳನ್ನೇ ಎರಚಿ ಹೋದರು.

“ಜಿಂಕೆಯ ಪರವಾಗಿ,” ಎಂದರು ರಾಯರು, ಬರೆದುಕೊಳ್ಳುತ್ತಾ.

“ಹೌದು. ಅದು ಯಾವ ಜಿಂಕೆಯ ಕರುಳು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.”

ಇಷ್ಟು ಹೊತ್ತಿಗೆ ರಾಯರ ಕಾಫಿ ಆರಿತ್ತು. ಕೊಲ್ಲದೆ ಸಂಖ್ಯೆ ತಗ್ಗಿಸುವ ದಾರಿ ಇದೆಯಲ್ಲ, ಪ್ರಾಣಿಪ್ರಿಯರು ಹೇಳುವುದೂ ಅದನ್ನೇ ಅಲ್ಲವೇ ಎಂದು ಅವರು ಕೇಳಿದ್ದೇ ತಡ, ಜಿಂಕೆ ಉಳಿದ ಬಳ್ಳಿಯನ್ನು ಬಿಟ್ಟು ಹತ್ತಿರ ಬಂದಿತು. ಮುಂದಿನ ಕಾಲು ಗಂಟೆ ಅದು ಕುಟುಂಬ ಯೋಜನೆಯ ಬಗ್ಗೆ ಮಾತನಾಡಿತು.

ನ್ಯೂಜೆರ್ಸಿಯ ಪಕ್ಕದಲ್ಲೇ, ನೀರಿನಾಚೆ, ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟೇಟನ್ ದ್ವೀಪವಿದೆ. 2008ರಲ್ಲಿ ಎಣಿಸಿದಾಗ ಅಲ್ಲಿ ಕಂಡದ್ದು 24 ಜಿಂಕೆ. 2014ರ ಎಣಿಕೆಯಲ್ಲಿ 763. “ನಮ್ಮ ಕಡೆಯವರೇ ಈಜಿಕೊಂಡು ಹೋಗಿ ಸಂಸಾರ ಹೂಡಿದ್ದು. ವೀಸಾ ಗೀಸಾ ಕೇಳೋರಿಲ್ಲ,” ಎಂದಿತು ಜಿಂಕೆ, ರಾಯರನ್ನು ಒಮ್ಮೆ ನೋಡಿ. ನಗರದ ಮಿತಿಯಲ್ಲಿ ಬೇಟೆ ಕಾನೂನುಬಾಹಿರ. ಆದ್ದರಿಂದ 2016ರಲ್ಲಿ ನಗರಾಡಳಿತ ಗಂಡು ಜಿಂಕೆಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ತೀರ್ಮಾನಿಸಿತು. ಮೂರು ವರ್ಷಕ್ಕೆ 33 ಲಕ್ಷ ಡಾಲರಿನ ಗುತ್ತಿಗೆ. ಅರಿವಳಿಕೆಯ ಸೂಜಿ ಹಾರಿಸಿ ಕೆಡಹುವುದು, ಎತ್ತಿಕೊಂಡು ಹೋಗಿ ಆಪರೇಷನ್ ಮಾಡುವುದು, ಮತ್ತೆ ಬಿಟ್ಟುಬಿಡುವುದು.

ರಾಯರಿಗೆ ತುರ್ತುಪರಿಸ್ಥಿತಿ ನೆನಪಾಯಿತು. 1976ರಲ್ಲಿ ಸಂತಾನಹರಣ ಶಿಬಿರಗಳಿಗೆ ಗಂಡಸರನ್ನು ಲಾರಿಯಲ್ಲಿ ತುಂಬಿಕೊಂಡು ಹೋದ ಸುದ್ದಿಗಳು ಸೆನ್ಸಾರಿಗೆ ಸಿಕ್ಕಿ ಡೆಸ್ಕಿನಲ್ಲೇ ಸತ್ತಿದ್ದವು. “ನಮ್ಮಲ್ಲಿ ಟ್ರಾನ್ಸಿಸ್ಟರ್ ಕೊಡ್ತಿದ್ರು. ನಿಮ್ಮವರಿಗೆ ಏನು ಕೊಟ್ರು?”

“ಕಿವಿಗೆ ನಂಬರಿನ ಓಲೆ.”

ಯೋಜನೆಯ ತೊಡಕು ಹಳ್ಳಿಯ ಯಾವ ಕುರಿಗಾಹಿಯನ್ನು ಕೇಳಿದ್ದರೂ ಹೇಳುತ್ತಿದ್ದ: ಹತ್ತು ಗಂಡಿಗೆ ಆಪರೇಷನ್ ಮಾಡಿ ಒಂದನ್ನು ಬಿಟ್ಟರೆ, ಆ ಒಂದೇ ಸಾಕು.

ಕಾರ್ನೆಲ್ ವಿಶ್ವವಿದ್ಯಾಲಯದವರು ಇನ್ನೂ ಮೊದಲೇ ಹೆಣ್ಣಿನ ಮೇಲೆ ಪ್ರಯೋಗ ಮಾಡಿದ್ದರು. ಇಥಾಕಾದ ತಮ್ಮ ಕ್ಯಾಂಪಸ್ಸಿನ ಸುತ್ತಮುತ್ತಲ ಹೆಣ್ಣು ಜಿಂಕೆಗಳಿಗೆ ಗರ್ಭನಾಳ ಕಟ್ಟಿಸಿದರು. ಒಂದೊಂದಕ್ಕೂ ಸುಮಾರು 1,200 ಡಾಲರ್ ಖರ್ಚು. ಮರಿ ಹುಟ್ಟುವುದು ಕಡಿಮೆಯಾಯಿತು, ಜಿಂಕೆಯ ಸಂಖ್ಯೆ ಇಳಿಯಲಿಲ್ಲ. ಏಕೆಂದರೆ ಗಬ್ಬ ನಿಲ್ಲದ ಹೆಣ್ಣು ತಿಂಗಳು ತಿಂಗಳೂ ಬೆದೆಗೆ ಬರುತ್ತಿತ್ತು. ಆ ವಾಸನೆ ಹಿಡಿದು ಎಲ್ಲೆಲ್ಲಿಂದಲೋ ಗಂಡುಗಳು ಕ್ಯಾಂಪಸ್ಸಿಗೆ ಬಂದು ನೆರೆದವು. “ಹೆರಿಗೆ ಕಡಿಮೆಯಾಯ್ತು, ಆದ್ರೆ ವರಾನ್ವೇಷಣೆ ಮುಗೀಲೇ ಇಲ್ಲ,” ಎಂದು ಜಿಂಕೆ ನಕ್ಕಿತು. ಜಿಂಕೆ ನಕ್ಕಿತೇ ಎಂದು ಕೇಳಬೇಡಿ. ಅಲ್ಲಿಯವರೆಗೆ ಅದು ಮಾತನಾಡಿದ್ದನ್ನು ಓದುಗರು ಒಪ್ಪಿಕೊಂಡಿದ್ದಾರೆ.

ಮೂರನೆಯದು ಲಸಿಕೆ. ನ್ಯೂಯಾರ್ಕಿನ ಫೈರ್ ಐಲೆಂಡಿನಲ್ಲಿ 1993ರಲ್ಲೇ, ಹೇಸ್ಟಿಂಗ್ಸ್-ಆನ್-ಹಡ್ಸನ್ ಎಂಬ ಸಣ್ಣ ಊರಿನಲ್ಲಿ 2014ರಿಂದ ಅದರ ಪ್ರಯೋಗ ನಡೆಯಿತು. ಸೂಜಿ ಹಾರಿಸಿ ಚುಚ್ಚಿದರೆ ಗರ್ಭ ನಿಲ್ಲುವುದಿಲ್ಲ. ಮತ್ತೆ ಮತ್ತೆ ಚುಚ್ಚುತ್ತಿರಬೇಕು. ಬೇಟೆ ಬೇಡವೆನ್ನುವವರಿಗೆ ಇದು ಬಹಳ ಹಿಡಿಸಿದ ಉಪಾಯ.

“ಆ ಲಸಿಕೆ ಯಾವುದರಿಂದ ಮಾಡ್ತಾರೆ ಕೇಳಿ.”

ರಾಯರು ಕೇಳಿದರು.

“ಹಂದಿಯ ಅಂಡಾಶಯದಿಂದ. ಕಸಾಯಿಖಾನೆಯಿಂದ ತರಿಸ್ತಾರೆ. ಜಿಂಕೆಗೆ ನೋವಾಗಬಾರದು ಅಂತ ತಯಾರಿಸೋ ಔಷಧಿಗೆ ಸತ್ತ ಹಂದಿ ಬೇಕು. ಹಂದಿಯ ತಾಯಿ ಸತ್ತಿದ್ದಕ್ಕೆ ಯಾರೂ ಅಳಿಸೋ ಸಿನಿಮಾ ತೆಗೀಲಿಲ್ಲ, ಅದಕ್ಕೆ.”

ಪ್ರೀತಿ ಹೆಚ್ಚಾದಾಗ ಏನಾಗುತ್ತದೆಂಬುದಕ್ಕೆ ಮುಸುಕಿನ ಜೋಳ ಸಾಕ್ಷಿ. ಹಿಮ ಬಿದ್ದ ಜನವರಿಯಲ್ಲಿ ಜಿಂಕೆ ಮೊಗ್ಗು, ಕಡ್ಡಿ, ತೊಗಟೆ ತಿಂದು ಬದುಕುತ್ತದೆ. ಅದರ ಹೊಟ್ಟೆಯ ಸೂಕ್ಷ್ಮಾಣುಗಳೂ ಅದಕ್ಕೇ ಒಗ್ಗಿರುತ್ತವೆ. ಆಗ ಕರುಣೆಯುಳ್ಳವರು ಬಕೆಟ್ ಗಟ್ಟಲೆ ಜೋಳ ಸುರಿಯುತ್ತಾರೆ. ಜಿಂಕೆ ಹೊಟ್ಟೆ ತುಂಬ ತಿನ್ನುತ್ತದೆ. ಹೊಟ್ಟೆಯಲ್ಲಿ ಹುಳಿಯೇರಿ, ತುಂಬಿದ ಹೊಟ್ಟೆಯಲ್ಲೇ ಸಾಯುತ್ತದೆ. ರಾಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಪುಣ್ಯ ಬರಲೆಂದು ಹಸುವಿನ ಮುಂದೆ ಸುರಿದು, ಮಾರನೇ ದಿನ ಡಾಕ್ಟರಿಗೆ ಓಡುವುದನ್ನು ಅವರು ಊರಲ್ಲೇ ಕಂಡಿದ್ದರು.

ಮೇ, ಜೂನಿನಲ್ಲಿ ಇನ್ನೊಂದು ಕಾಟ. ತಾಯಿ ಜಿಂಕೆ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ಗಂಟೆಗಟ್ಟಲೆ ದೂರ ಹೋಗುತ್ತದೆ. ತನ್ನ ವಾಸನೆಗೆ ಕಯೋಟಿ ಬರಬಾರದೆಂಬುದು ಲೆಕ್ಕ. ಅಷ್ಟರಲ್ಲಿ ದಯಾವಂತರು ಬಂದು “ಅಯ್ಯೋ ಪಾಪ, ತಬ್ಬಲಿ” ಎಂದು ಮರಿಯನ್ನು ಟವೆಲಿನಲ್ಲಿ ಸುತ್ತಿ ಒಯ್ಯುತ್ತಾರೆ. “ನಾನು ಸಂಜೆ ಬಂದು ನೋಡಿದ್ರೆ ಹುಲ್ಲು ಮಾತ್ರ ಇರುತ್ತೆ,” ಎಂದಷ್ಟೇ ಹೇಳಿ ಜಿಂಕೆ ಮರಿಗಳ ಕಡೆ ತಿರುಗಿತು. ಸಂದರ್ಶನದಲ್ಲಿ ಅದು ತಮಾಷೆ ಮಾಡದೆ ಹೇಳಿದ ಮಾತು ಅದೊಂದೇ.

ಬೇಟೆಗಾರರ ಪರವಾಗಿ ಏನಾದರೂ? ಇದೆ. 1900ರ ಹೊತ್ತಿಗೆ ಚರ್ಮ ಮತ್ತು ಮಾಂಸದ ವ್ಯಾಪಾರಿಗಳು ಹೊಡೆದು ಹೊಡೆದು, ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಐದು ಲಕ್ಷಕ್ಕೆ ಇಳಿದಿತ್ತು. ಡಾಲರಿಗೆ ಅಲ್ಲಿಯ ಆಡುಮಾತಿನಲ್ಲಿ ‘ಬಕ್’ ಎನ್ನುತ್ತಾರೆ. ಗಂಡು ಜಿಂಕೆಯ ಹೆಸರದು, ಚರ್ಮವೇ ನಾಣ್ಯವಾಗಿದ್ದ ಕಾಲದ ಮಾತೆಂದು ಹೇಳುವುದುಂಟು. ಆಮೇಲೆ ವ್ಯಾಪಾರದ ಬೇಟೆ ನಿಂತಿತು. 1937ರ ಕಾನೂನು ಬೇಟೆಯ ಕೋವಿ, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೆ ತಿರುಗಿಸಿತು. ಈಗ ಜಿಂಕೆಯ ಸಂಖ್ಯೆ ಮೂರು ಕೋಟಿಯ ಆಸುಪಾಸು.

“ನಮ್ಮನ್ನು ಉಳಿಸಿದವರೂ ಅವರೇ, ಹೊಡೆಯೋರೂ ಅವರೇ. ಅತ್ತೆಮನೆ ಇದ್ದ ಹಾಗೆ,” ಎಂದಿತು ಜಿಂಕೆ. “ಆದ್ರೆ ‘ನಿಮ್ಮ ಸಂಖ್ಯೆ ಹತೋಟಿಗೆ ಬರಲಿ ಅಂತ ಹೊಡೀತೀವಿ’ ಅಂತಾರಲ್ಲ, ಅದನ್ನ ನಂಬಬೇಡಿ. ಸಂಖ್ಯೆ ಇಳೀಬೇಕಾದ್ರೆ ನನ್ನನ್ನು ಹೊಡೀಬೇಕು, ಹೆಣ್ಣನ್ನ. ಗೋಡೆಗೆ ನೇತುಹಾಕೋಕೆ ನನಗೆ ಕೊಂಬೆಲ್ಲಿದೆ? ಹೆಣ್ಣು ಹೊಡೀರಿ ಅಂತ ಅರಣ್ಯದವರು ಪರ್ಮಿಟ್ ಕೊಟ್ರೆ ಮೊದಲು ಗಲಾಟೆ ಮಾಡಿದ್ದೇ ಬೇಟೆಗಾರರು.”

ರಾಯರು ಪುಟ ತಿರುಗಿಸಿದರು. ನಮ್ಮ ಕಡೆ ಈ ವಿರೋಧಕ್ಕೆ ಬಹಳ ಹಳೆಯ ಇತಿಹಾಸವಿದೆ ಎಂದು ಹೆಮ್ಮೆಯಿಂದ ಹೇಳಿದರು. ಕಾಳಿದಾಸನ ಶಾಕುಂತಲ ನಾಟಕ ಶುರುವಾಗುವುದೇ ಜಿಂಕೆಯ ಬೆನ್ನಟ್ಟಿದ ದುಷ್ಯಂತನನ್ನು ಆಶ್ರಮದ ತಪಸ್ವಿಗಳು ತಡೆಯುವುದರಿಂದ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಜಿಂಕೆಯ ಬೇಟೆಯೇ ಅಪರಾಧ.

“ಆ ತಪಸ್ವಿಗಳು ಯಾವುದರ ಮೇಲೆ ಕೂತಿದ್ರು?”

ರಾಯರು ಕೆಮ್ಮಿದರು. ಕೃಷ್ಣಾಜಿನ ಎಂದರೆ ಕೃಷ್ಣಮೃಗದ ಚರ್ಮ. ಉಪನಯನದಲ್ಲಿ ವಟುವಿನ ಜನಿವಾರಕ್ಕೆ ಇವತ್ತಿಗೂ ಅದರ ಚೂರನ್ನು ಕಟ್ಟುವ ಪದ್ಧತಿಯಿದೆ. ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಯ ಮುಂದೆ ರಾಯರು ಏನನ್ನೂ ಬರೆಯಲಿಲ್ಲ. ಮಾತು ಬದಲಿಸಲು “ನೀವಂತೂ ಶುದ್ಧ ಸಸ್ಯಾಹಾರಿಗಳು” ಎಂದರು. ಈ ಸಲ ಕೆಮ್ಮಿದ್ದು ಜಿಂಕೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನು ಅಧ್ಯಯನ ಮಾಡಲು ಸಂಶೋಧಕರು ಇಟ್ಟ ಕ್ಯಾಮೆರಾದಲ್ಲಿ, ಬಿಳಿಬಾಲದ ಜಿಂಕೆಗಳು ಹಕ್ಕಿಮರಿ ತಿನ್ನುವುದು ಸೆರೆಸಿಕ್ಕಿದೆ. ಇಬ್ಬರೂ ಆ ವಿಷಯವನ್ನು ಅಲ್ಲಿಗೇ ಬಿಟ್ಟರು.

ಉಣುಗಿನ ವಿಷಯದಲ್ಲಿ ಮಾತ್ರ ಜಿಂಕೆಗೆ ಸಿಟ್ಟಿದೆ. ಕನೆಕ್ಟಿಕಟ್ಟಿನ ಲೈಮ್ ಊರಿನ ಹೆಸರು ಹೊತ್ತ ಕಾಯಿಲೆಯನ್ನು ಹರಡುವ ಉಣುಗನ್ನು ಜನ ‘ಜಿಂಕೆ ಉಣುಗು’ ಎಂದೇ ಕರೆಯುತ್ತಾರೆ. ಬೆಳೆದ ಉಣುಗು ಜಿಂಕೆಯ ರಕ್ತ ಕುಡಿದು ಮೊಟ್ಟೆಯಿಡುವುದು ನಿಜ. ಆದರೆ ರೋಗಾಣು ಉಣುಗಿಗೆ ಹತ್ತುವುದು ಮುಖ್ಯವಾಗಿ ಬಿಳಿಗಾಲಿನ ಇಲಿಯಿಂದ. “ನಮ್ಮಲ್ಲೂ ಹಾಗೇ,” ಎಂದು ರಾಯರು ಸಮಾಧಾನ ಹೇಳಿದರು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಹರಡುವುದು ಉಣುಗಿನಿಂದ. ಸಾಯುವುದು ಮಂಗಗಳೂ ಹೌದು, ಮನುಷ್ಯರೂ ಹೌದು. ಹೆಸರು ಮಾತ್ರ ಮಂಗನ ಕಾಯಿಲೆ.

“ನಮ್ಮ ಬಂಡೀಪುರದಲ್ಲಿ ಚುಕ್ಕೆಜಿಂಕೆ ಹೀಗೆ ಹಿತ್ತಲಿಗೆ ನುಗ್ಗುವಷ್ಟು ಹೆಚ್ಚಿಲ್ಲವಲ್ಲ?” ರಾಯರ ಕೊನೆಯ ಪ್ರಶ್ನೆ ಅದು.

“ಅಲ್ಲಿ ಹುಲಿ ಇದೆ. ಚಿರತೆ ಇದೆ. ಸೀಳುನಾಯಿ ಇದೆ. ಸೀಳುನಾಯಿ ಜಿಂಕೆಯನ್ನು ಬದುಕಿದ್ದ ಹಾಗೇ ಹರಿದು ತಿನ್ನುತ್ತೆ, ಸಫಾರಿ ಜೀಪಿನವರು ಸಾಲಾಗಿ ನಿಂತು ಫೋಟೋ ತೆಗೀತಾರೆ. ಅದರ ಮೇಲೆ ಯಾರಾದ್ರೂ ಅರ್ಜಿ ಹಾಕಿದಾರಾ? ಇಲ್ಲೂ ತೋಳ ಇತ್ತು, ಪ್ಯೂಮಾ ಅನ್ನೋ ದೊಡ್ಡ ಬೆಕ್ಕು ಇತ್ತು. ಕೊಂದು ಮುಗಿಸಿದ್ರು. ಆಗ ಯಾರೂ ಹುಲ್ಲುಹಾಸಿನಲ್ಲಿ ಬೋರ್ಡು ನೆಡಲಿಲ್ಲ.”

ಅರಿಜೋನಾದ ಕೈಬಾಬ್ ಪ್ರಸ್ಥಭೂಮಿಯ ಕಥೆಯನ್ನು ಅದು ಆಗ ಹೇಳಿತು. 1906ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆ ಜಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಜಿಂಕೆಯ ಬೇಟೆ ನಿಂತಿತು. ಜಿಂಕೆಗೆ ಒಳ್ಳೆಯದಾಗಲೆಂದು ತೋಳ, ಪ್ಯೂಮಾ, ಕಯೋಟಿಗಳನ್ನು ಸರ್ಕಾರವೇ ಕೊಲ್ಲಿಸಿತು. ಜಿಂಕೆ ಹೆಚ್ಚಿದವು, ಕಾಡಿನ ಎಳೆಗಿಡವೆಲ್ಲ ಖಾಲಿಯಾಯಿತು. ಹೊಡೆಯಲು ಮನಸ್ಸಿಲ್ಲದವರು 1924ರ ಡಿಸೆಂಬರಿನಲ್ಲಿ ಒಂದು ಉಪಾಯ ಹೂಡಿದರು: ಜಿಂಕೆಗಳನ್ನು ದನದ ಹಾಗೆ ಅಟ್ಟಿಕೊಂಡು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ದಾಟಿಸುವುದು. ಗಂಟೆ ಬಾರಿಸುವ ಆಳುಗಳು, ಕುದುರೆ ಸವಾರರು, ಚಿತ್ರೀಕರಣದವರು, ಜೊತೆಗೆ ಆ ಕಾಲದ ಜನಪ್ರಿಯ ಕಾದಂಬರಿಕಾರ ಝೇನ್ ಗ್ರೇ. ಸಾಲು ಕಟ್ಟಿ ಅಟ್ಟಿದರು. ಜಿಂಕೆಗಳು ಆಳುಗಳ ನಡುವಿನಿಂದ ನುಸುಳಿ ಹಿಂದಕ್ಕೆ ಓಡಿದವು. ಕಣಿವೆ ದಾಟಿದ್ದು ಸೊನ್ನೆ. ಆ ಚಳಿಗಾಲದಲ್ಲಿ ಸಾವಿರಾರು ಜಿಂಕೆಗಳು ಹಸಿವಿನಿಂದ ಸತ್ತವು.

ಮನೆಯೊಳಗೆ ಮಗು ಎದ್ದು ಅಳತೊಡಗಿತು. ರಾಯರು ನೋಟ್‌ಬುಕ್ ಮಡಚಿ, ಬೇಟೆ ಬೇಕೋ ಬೇಡವೋ ಒಂದೇ ಮಾತಿನಲ್ಲಿ ಹೇಳಿ, ಶೀರ್ಷಿಕೆಗೆ ಬೇಕು ಎಂದರು.

“ಒಂದೇ ಮಾತಿನಲ್ಲಿ ಹೇಳೋರು ಮುಂಬಾಗಿಲಲ್ಲಿ ಬೋರ್ಡು ನೆಡ್ತಾರೆ. ನಾನು ಸಾಯೋದು ಹಲ್ಲಿಗೋ, ಗುಂಡಿಗೋ, ಹಸಿವಿಗೋ, ಬಂಪರಿಗೋ ಅಂತ ನಾಲ್ಕೇ ದಾರಿ ಇರೋದು. ಮುದುಕಿಯಾಗಿ ಹಾಸಿಗೇಲಿ ಸಾಯೋ ಐದನೇ ದಾರಿ ನನ್ನ ವಂಶದಲ್ಲಿ ಯಾರೂ ಕಂಡಿಲ್ಲ. ನನ್ನನ್ನು ಕೇಳಿದ್ರೆ ತೋಳವನ್ನೇ ಆರಿಸ್ಕೊಳ್ತೀನಿ. ಅದು ಕುಂಟನ್ನೂ ಮುದಿಯನ್ನೂ ಮೊದಲು ಹಿಡಿಯುತ್ತೆ, ಕೊಂಬು ಎಣಿಸಲ್ಲ.”

ಇಷ್ಟು ಹೇಳಿ ಅದು ಉಳಿದಿದ್ದ ಕೊನೆಯ ಅವರೆ ಚಿಗುರನ್ನು ಹರಿದು, ಬಿಳಿಬಾಲ ಎತ್ತಿ, ಅಳಿಯನ ಬೇಲಿಯನ್ನು ಕಯೋಟಿಯ ಮೂತ್ರದ ಸಮೇತ ಹಾರಿ ಹೋಯಿತು. ಮರಿಗಳು ಹಾರಲಾರದೆ ಸಂದಿನಿಂದ ನುಸುಳಿದವು. ಹೋಗುವ ಮುನ್ನ ಅಮೆರಿಕದಲ್ಲಿರುವ ಕನ್ನಡಿಗರಿಗೆ ಹೇಳಿ ಎಂದು ಒಂದು ಸಂಗತಿ ತಿಳಿಸಿತ್ತು. ಅಕ್ಟೋಬರ್ ಕೊನೆಯಿಂದ ಡಿಸೆಂಬರಿನವರೆಗೆ ಬೆದೆಯ ಕಾಲ. ಮುಸ್ಸಂಜೆಯಲ್ಲೂ ನಸುಕಿನಲ್ಲೂ ಗಂಡುಗಳು ದಾರಿ ನೋಡದೆ ಓಡುತ್ತವೆ. ಕಾರಿನ ಮುಂದೆ ಒಂದು ಜಿಂಕೆ ದಾಟಿತೆಂದು ವೇಗ ಹೆಚ್ಚಿಸಬೇಡಿ. ಅದರ ಹಿಂದೆ ಇನ್ನೊಂದು ಬರುತ್ತಿರುತ್ತದೆ.